ಯೋಜನಾ ನಿರ್ವಹಣೆಯಲ್ಲಿ ಸಂದರ್ಭಾನುಸಾರ ನಾಯಕತ್ವ: ಜಲಾನಯನ ಯೋಜನೆಗಳಿಗೆ ಅನ್ವಯ

ಜಲಾನಯನ ಯೋಜನೆಯ ಯಶಸ್ಸನ್ನು ನಿರ್ಮಿಸಿದ ಬದು, ಕೃಷಿಹೊಂಡ ಹಾಗೂ ತಡೆ ಅಣೆಗಳ ಸಂಖ್ಯೆಯಿಂದಷ್ಟೇ ಅಳೆಯಲಾಗದು. ಯೋಜನಾ ತಂಡವು ನಿರ್ಗಮಿಸಿದ ನಂತರವೂ ಗ್ರಾಮಸ್ಥರು ಹೂಳು ತೆಗೆದು, ದುರಸ್ತಿ ಮಾಡಿ ಅವುಗಳನ್ನು ಉಳಿಸಿಕೊಳ್ಳುವರೇ ಎಂಬುದೇ ನಿಜವಾದ ಮಾನದಂಡ. ತಂಡದ ಮುಖ್ಯಸ್ಥರು ಕೊನೆಯ ದಿನದವರೆಗೂ ಆದೇಶ ನೀಡುತ್ತಲೇ ಇದ್ದಲ್ಲಿ, ಹೊಣೆ ಹೊರಲು ಸ್ಥಳೀಯ ಸಮಿತಿಯು ಸಿದ್ಧವಾಗಿರುವುದಿಲ್ಲ.

ಪಾಲ್ ಹರ್ಸಿ ಮತ್ತು ಕೆನ್ ಬ್ಲಾಂಚರ್ಡ್ 1969ರಲ್ಲಿ ಮಂಡಿಸಿದ ಚಿಂತನೆಯು ಮುಂದೆ ‘ಸಂದರ್ಭಾನುಸಾರ ನಾಯಕತ್ವ’ವೆಂದು ಪ್ರಸಿದ್ಧವಾಯಿತು. ಇದರಂತೆ ಎಲ್ಲ ಸಂದರ್ಭಗಳಿಗೂ ಒಪ್ಪುವ ಏಕೈಕ ಶೈಲಿಯಿಲ್ಲ. ಸದಸ್ಯರ ಸಾಮರ್ಥ್ಯ ಮತ್ತು ಸಿದ್ಧಮನಸ್ಸನ್ನು ಆಧರಿಸಿ ಶೈಲಿಯನ್ನು ನಿರ್ಧರಿಸಬೇಕು.

ನಾಲ್ಕು ಶೈಲಿಗಳು
1. ನಿರ್ದೇಶನ: ಸಾಮರ್ಥ್ಯ ಮತ್ತು ಆತ್ಮವಿಶ್ವಾಸ ಎರಡೂ ಕಡಿಮೆಯಿದ್ದಾಗ ಕೆಲಸವನ್ನು ಹಂತಹಂತವಾಗಿ ತಿಳಿಸಿ, ಹತ್ತಿರದಿಂದ ಗಮನಿಸುವುದು.
2. ಮನವರಿಕೆ: ಉತ್ಸಾಹವಿದ್ದು ಅನುಭವವಿಲ್ಲದಿದ್ದಾಗ ಕಾರಣಗಳನ್ನು ವಿವರಿಸಿ ಮಾರ್ಗದರ್ಶನ ನೀಡುವುದು.
3. ಸಹಭಾಗಿತ್ವ: ಸಾಮರ್ಥ್ಯವಿದ್ದೂ ಹಿಂಜರಿಕೆಯಿದ್ದಾಗ ಒಟ್ಟಿಗೆ ಚರ್ಚಿಸಿ ತೀರ್ಮಾನಿಸುವುದು.
4. ಹೊಣೆಗಾರಿಕೆ ವಹಿಸುವುದು: ಎರಡೂ ಇದ್ದಾಗ ನಿರ್ಧಾರವನ್ನು ಸದಸ್ಯರಿಗೇ ಬಿಡುವುದು.

ಯೋಜನೆಯ ಹಂತಗಳಲ್ಲಿ ಅಳವಡಿಕೆ
ಕೇಂದ್ರ ಸರ್ಕಾರದ 2008ರ ಸಾಮಾನ್ಯ ಮಾರ್ಗಸೂಚಿಯು ಜಲಾನಯನ ಯೋಜನೆಯನ್ನು ಪೂರ್ವಸಿದ್ಧತೆ, ಕಾಮಗಾರಿ, ಬಲವರ್ಧನೆ ಹಾಗೂ ನಿರ್ಗಮನ ಎಂಬ ಮೂರು ಹಂತಗಳಾಗಿ ವಿಂಗಡಿಸಿತು. ಸಮಿತಿಯು ಹೊಸದಾಗಿರುವ ಮೊದಲ ಹಂತದಲ್ಲಿ ನಿರ್ದೇಶನ ಮತ್ತು ಮನವರಿಕೆ, ಕಾಮಗಾರಿಯ ಅವಧಿಯಲ್ಲಿ ಸಹಭಾಗಿತ್ವ, ಕೊನೆಯಲ್ಲಿ ಹೊಣೆಗಾರಿಕೆಯ ವರ್ಗಾವಣೆ ಸಾಮಾನ್ಯವಾಗಿ ಸೂಕ್ತ.

ಆದರೆ ಸಾಮರ್ಥ್ಯವು ಕೆಲಸದಿಂದ ಕೆಲಸಕ್ಕೆ ಭಿನ್ನವಾಗಿರುತ್ತದೆ. ತನ್ನ ಹೊಲದಲ್ಲಿ ಮಳೆನೀರು ಹರಿಯುವ ದಿಕ್ಕನ್ನು ಬಲ್ಲ ರೈತನು ಸಮಿತಿಯ ನಗದು ಪುಸ್ತಕ ಬರೆಯಲು ಹೊಸಬನಾಗಿರಬಹುದು. ಬದುವಿನ ಸ್ಥಳ ಗುರುತಿಸುವಾಗ ಆತನ ಅಭಿಪ್ರಾಯವನ್ನು ಕೇಳಬೇಕು. ಲೆಕ್ಕಪತ್ರವನ್ನು ಮಾತ್ರ ಜೊತೆಯಲ್ಲಿ ಕುಳಿತು ಕಲಿಸಬೇಕು. ಆದ್ದರಿಂದ ವ್ಯಕ್ತಿಯನ್ನಲ್ಲ, ಆ ಕೆಲಸದಲ್ಲಿ ಆತನಿಗಿರುವ ಸಿದ್ಧತೆಯನ್ನು ಅಳೆಯುವುದು ಅವಶ್ಯಕ.

ಗಮನಿಸಬೇಕಾದ ಅಂಶಗಳು
• ಭಾರಿ ಮಳೆಯಲ್ಲಿ ಒಡ್ಡು ಒಡೆಯುವ ಅಪಾಯವಿದ್ದಾಗ ಅನುಭವಿ ತಂಡಕ್ಕೂ ನೇರ ಸೂಚನೆಯೇ ಸರಿ. ಅಪಾಯ ಕಳೆದ ಬಳಿಕ ಚರ್ಚೆಗೆ ಮರಳಬೇಕು.
• ತರಬೇತಿ ನೀಡದೆ ಹೊಣೆ ಒಪ್ಪಿಸುವುದು ಕೈಬಿಟ್ಟಂತೆಯೇ ಸರಿ.
• ಸಣ್ಣ ವಿಷಯಕ್ಕೂ ಸದಸ್ಯರು ಅನುಮತಿ ಕೇಳುತ್ತಿದ್ದರೆ ನಿಯಂತ್ರಣವು ಅಗತ್ಯಕ್ಕಿಂತ ಹೆಚ್ಚಿದೆಯೇ ಎಂದು ಪರಿಶೀಲಿಸಬೇಕು.
• ನಿರ್ಗಮನಕ್ಕೆ ಮೊದಲೇ ಒಂದು ಮಳೆಗಾಲದ ನಿರ್ವಹಣೆಯನ್ನು ಸಮಿತಿಗೆ ವಹಿಸಿ, ತಂಡವು ಸಲಹೆಗಷ್ಟೇ ಸೀಮಿತವಾಗಿರುವುದು ಒಳಿತು. ತಪ್ಪುಗಳನ್ನು ತಿದ್ದಿಕೊಳ್ಳಲು ಆಗಿನ್ನೂ ಅವಕಾಶವಿರುತ್ತದೆ.