ಖಾಲಿ ನೆಲ, ಪುಕ್ಕಟೆ ಬಂದೋಬಸ್ತು

ಲೀಸ್ ಡೀಡು ಕೈಗೆ ಬಂದರೆ ನನ್ನ ಕಣ್ಣು ಮೊದಲು ಹೋಗುವುದು ಸ್ವಾಧೀನದ ಕಲಮಿಗೆ. ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಗಳ ನಡುವೆ ಕೂತು ಕ್ರಯಪತ್ರ, ಭೋಗ್ಯಪತ್ರ ಬರೆದು ಬದುಕಿದವನ ಚಾಳಿ. ದುಡ್ಡಿನ ವಿಚಾರವನ್ನು ಎರಡೂ ಕಡೆಯವರು ಹತ್ತು ಸಲ ನೋಡಿಕೊಂಡಿರುತ್ತಾರೆ. ಮಳಿಗೆಯೊಳಗೆ ಹಳೇ ಬಾಡಿಗೆದಾರ ಕೂತಿದ್ದರೆ ಮಾತ್ರ ಎಲ್ಲರೂ ಕೋರ್ಟು ಹತ್ತಬೇಕಾಗುತ್ತದೆ.

2010ರಲ್ಲಿ ಇಥಿಯೋಪಿಯದ ಕೃಷಿ ಸಚಿವಾಲಯ ನಮ್ಮ ಬೆಂಗಳೂರಿನ ಕರುಟೂರಿ ಕಂಪನಿಗೆ ಬರೆದುಕೊಟ್ಟ ಕರಾರನ್ನೂ ಹಾಗೇ ಓದಿದೆ. ದೊಡ್ಡಬಳ್ಳಾಪುರದ ಕಡೆ ಗುಲಾಬಿ ಬೆಳೆದು ಶುರುವಾದ ಕಂಪನಿ. 2007ರಲ್ಲಿ ಕೀನ್ಯಾದ ನೈವಾಶಾ ಸರೋವರದ ದಂಡೆಯ ದೊಡ್ಡ ಹೂತೋಟವನ್ನೇ ಕೊಂಡಿತ್ತು. ಆಮೇಲೆ ಕಬ್ಬು, ತಾಳೆ, ಭತ್ತದ ಮೇಲೆ ಮನಸ್ಸು ಹೋಯಿತು. ಈಗಿನ ದಕ್ಷಿಣ ಸುಡಾನ್ ಗಡಿಗೆ ಹತ್ತಿದ ಗಂಬೆಲ್ಲಾ ಸೀಮೆಯಲ್ಲಿ 1 ಲಕ್ಷ ಹೆಕ್ಟೇರು, 50 ವರ್ಷಕ್ಕೆ. ಆಗಿನ ಬಿಬಿಎಂಪಿ ವ್ಯಾಪ್ತಿಯನ್ನೆಲ್ಲ ಸೇರಿಸಿದರೂ ಅಷ್ಟಾಗುತ್ತಿರಲಿಲ್ಲ. ಗುತ್ತಿಗೆ ಹಣ ಹೆಕ್ಟೇರಿಗೆ ವರ್ಷಕ್ಕೆ 20 ಬಿರ್, ಆಗಿನ ಲೆಕ್ಕದಲ್ಲಿ ಐವತ್ತೈದು ರೂಪಾಯಿಯ ಆಸುಪಾಸು. ಅಣೆಕಟ್ಟು ಕಟ್ಟುವ, ಕೊಳವೆಬಾವಿ ಕೊರೆಯುವ ಹಕ್ಕೂ ಜೊತೆಗೆ.

ಸ್ವಾಧೀನ? 30 ದಿನದೊಳಗೆ ಯಾವ ಅಡ್ಡಿಯೂ ಇಲ್ಲದ ಖಾಲಿ ನೆಲವನ್ನು ಸರ್ಕಾರ ಒಪ್ಪಿಸಬೇಕು. ದೊಂಬಿ ಗಲಾಟೆಯಾದರೆ, ಕಂಪನಿ ಕೇಳಿದಾಗ, ಪುಕ್ಕಟೆ ರಕ್ಷಣೆ. ಖಾಲಿ ನೆಲದಲ್ಲಿ ದೊಂಬಿ ಮಾಡುವವರು ಯಾರಪ್ಪಾ? ಅಲ್ಲಿ ನದಿಯ ಬದಿಯಲ್ಲಿ ಜೋಳ ಬೆಳೆಯುವ ಅನುವಾಕರಿದ್ದರು, ಋತುವಿಗೆ ತಕ್ಕಂತೆ ದನ ಹೊಡೆದುಕೊಂಡು ಹೋಗುವ ನುವೇರರಿದ್ದರು. ಅವರ ಹತ್ತಿರ ಕಾಗದ ಇರಲಿಲ್ಲ, ಅಷ್ಟೇ.

ಕಾಗದ ಯಾಕಿರಲಿಲ್ಲ ಎಂಬುದು ನನಗೆ ಕುತೂಹಲದ ಸಂಗತಿ. ನಮ್ಮಲ್ಲಿ ದೇವರಾಜ ಅರಸು ಕಾಲದ ಭೂಸುಧಾರಣೆ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಮಾಗಡಿ ಕಡೆಯ ಗೇಣಿದಾರರು ಹೆಬ್ಬೆಟ್ಟು ಒತ್ತಲು ಬಂದು ನಮ್ಮಪ್ಪನ ಮೇಜಿನ ಮುಂದೆ ನಿಲ್ಲುತ್ತಿದ್ದರು. ಅವರ ಹಕ್ಕಿನ ಅರ್ಜಿ, ಫಾರಂ 7, ತುಂಬಿಯೇ ನಾನು ಈ ಕಸುಬು ಕಲಿತದ್ದು. ಸರ್ವೆ ನಂಬರು, ಎಕರೆ, ಗುಂಟೆ, ಚಕ್ಕುಬಂದಿ. ಟ್ರಿಬ್ಯೂನಲ್ ಒಪ್ಪಿದರೆ ಉಳುವವನ ಹೆಸರಿಗೇ ಹಕ್ಕು. ಕಾಫಿ, ಚಹಾ, ರಬ್ಬರ್, ಏಲಕ್ಕಿ, ಮೆಣಸಿನ ತೋಟಗಳಿಗೆ ಮಾತ್ರ ಕಾಯ್ದೆಯಲ್ಲಿ ರಿಯಾಯಿತಿ ಸಿಕ್ಕಿತು. ದೊಡ್ಡವರು ಎಲ್ಲ ಕಡೆಯೂ ಬಾಗಿಲು ಹುಡುಕಿಕೊಳ್ಳುತ್ತಾರೆ.

ಸರಿಯಾಗಿ ಒಂದು ವರ್ಷದ ಮೇಲೆ, 1975ರ ಮಾರ್ಚಿನಲ್ಲಿ, ಇಥಿಯೋಪಿಯದಲ್ಲೂ ಗೇಣಿ ರದ್ದಾಯಿತು. ಅಲ್ಲಿನ ವಿದ್ಯಾರ್ಥಿಗಳು 1965ರಿಂದಲೇ ಆಡಿಸ್ ಅಬಾಬದ ಬೀದಿಗಳಲ್ಲಿ ಉಳುವವನಿಗೇ ಭೂಮಿ ಎಂದು ಕೂಗಿದ್ದರು. ಚಕ್ರವರ್ತಿ ಹೈಲೆ ಸೆಲಾಸಿಯನ್ನು ಇಳಿಸಿದ ಸೇನಾಡಳಿತ ಅದೇ ಮಾತು ಹೇಳಿ ಹಳ್ಳಿಗಾಡಿನ ನೆಲವನ್ನೆಲ್ಲ ರಾಷ್ಟ್ರೀಕರಣ ಮಾಡಿತು. ಉಳುವವನಿಗೆ ಉಳುಮೆ ಉಳಿಯಿತು, ಒಡೆತನ ಸರ್ಕಾರದ್ದಾಯಿತು. ಸೇನಾಡಳಿತ 1991ರಲ್ಲಿ ಬಿದ್ದರೂ ಆ ಒಡೆತನ ಹಾಗೇ ಮುಂದುವರಿಯಿತು. ಇಲ್ಲವಾದರೆ ಒಂದೇ ಸಹಿಯಲ್ಲಿ 1 ಲಕ್ಷ ಹೆಕ್ಟೇರು ಹೇಗೆ ಕೈ ಬದಲಿಸೀತು? ಇದೇ ಕಂಪನಿ ಕರ್ನಾಟಕದಲ್ಲಿ ಭತ್ತದ ಗದ್ದೆ ಗೇಣಿಗೆ ಕೇಳಿದ್ದರೆ, ಗೇಣಿಯನ್ನೇ ನಮ್ಮ ಕಾಯ್ದೆ ನಿಷೇಧಿಸಿದ್ದರಿಂದ, ನಾನೇ ಪತ್ರ ಬರೆಯಲು ಒಪ್ಪುತ್ತಿರಲಿಲ್ಲ.

2012ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ವರದಿ ಬಂತು: ಗಂಬೆಲ್ಲಾದ ಜನರನ್ನು ಬಲವಂತವಾಗಿ ಹೊಸ ಹಳ್ಳಿಗಳಿಗೆ ಸಾಗಿಸಲಾಗುತ್ತಿದೆ ಎಂದು. ಎಲ್ಲರೂ ಒಪ್ಪಿಯೇ ಹೋದರು ಎಂದಿತು ಸರ್ಕಾರ. ಅಷ್ಟರಲ್ಲಿ ಅಲ್ಲಿನ ಬಾರೊ ನದಿಯ ನೆರೆ ಕಂಪನಿಯ 2011ರ ಮೆಕ್ಕೆಜೋಳವನ್ನು ಮುಳುಗಿಸಿತ್ತು. ಹೇಳಿದಷ್ಟು ಸಾಗುವಳಿಯಾಗಲಿಲ್ಲವೆಂದು 2015ರ ಡಿಸೆಂಬರಿನಲ್ಲಿ ಕರಾರನ್ನು ರದ್ದುಮಾಡಿದ್ದೂ ಸರ್ಕಾರವೇ.

2020ರಲ್ಲಿ ನಮ್ಮ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಮುಗಳೂ ಹೋದವು. ಬೇಸಾಯಗಾರರಲ್ಲದವರೂ ಈಗ ಹೊಲದ ಕ್ರಯಪತ್ರ ಬರೆಸಬಹುದು. ಗೇಣಿಯ ನಿಷೇಧವನ್ನು ಮಾತ್ರ ಆಗ ಮುಟ್ಟಲಿಲ್ಲ.