ಸುರಪುರ ಸೀಮೆಯ ದೊಡ್ಡಾಟ: ತಾಲೀಮಿನ ಚರಿತ್ರೆ

ದೊಡ್ಡಾಟವು ಒಂದು ರಾತ್ರಿಯ ಪ್ರದರ್ಶನವಾದರೂ ಅದರ ಚರಿತ್ರೆಯು ಅದಕ್ಕೂ ಹಿಂದಿನ ಹಲವು ತಿಂಗಳ ತಾಲೀಮಿನಲ್ಲಿದೆ. ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಹಳ್ಳಿಗಳಲ್ಲಿ ಹಗಲು ಹೊಲಗೆಲಸ ಮುಗಿಸಿದವರು ರಾತ್ರಿ ಗುಡಿಯ ಅಂಗಳದಲ್ಲಿ ಸೇರುತ್ತಿದ್ದರು. ಮಾಸ್ತರನು ಕೈಬರಹದ ಪ್ರತಿ ನೋಡಿ ಪದ, ಮಾತುಗಳನ್ನು ಹೇಳಿಕೊಡುತ್ತಿದ್ದನು. ಓದುಬಾರದ ಪಾತ್ರಧಾರಿ ಕೇಳಿಯೇ ಕಂಠಸ್ಥ ಮಾಡಿಕೊಳ್ಳುತ್ತಿದ್ದನು. ಹೆಜ್ಜೆ ಅನಂತರದ ಮಾತು. ಮದ್ದಳೆಯ ಪೆಟ್ಟಿಗೆ ಕಾಲು ಹೊಂದದಿದ್ದರೆ ಎಂಥ ಕಂಠವಿದ್ದರೂ ಪಾತ್ರ ನಿಲ್ಲದು. ಪಾಶ್ಚಾತ್ಯ ಬ್ಯಾಲೆಯ ನರ್ತಕನು ಸಾಮಾನ್ಯವಾಗಿ ಮಾತನಾಡುವುದಿಲ್ಲ. ಇಲ್ಲಿ ಕುಣಿದು, ಹಾಡಿ, ಮಾತನಾಡುವವನು ಒಬ್ಬನೇ. ಹಿಮ್ಮೇಳವು ಪದವನ್ನು ಎತ್ತಿಕೊಂಡಾಗಲೇ ಅವನಿಗೆ ಉಸಿರಾಡಲು ಬಿಡುವು. ಭುಜಕೀರ್ತಿ, ಕಿರೀಟಗಳ ಭಾರ ಬೇರೆ.

ತಾಲೀಮು ಎಂಬ ಪದವೇ ಗಮನಾರ್ಹವಾದುದು. ಅರಬ್ಬಿ ಮೂಲದ ಈ ಮಾತಿಗೆ ಶಿಕ್ಷಣವೆಂದೇ ಅರ್ಥ. 1858ರ ಬಂಡಾಯದೊಡನೆ ಸುರಪುರ ನಾಯಕರ ಆಳ್ವಿಕೆ ಕೊನೆಗೊಂಡು, 1860ರ ಒಪ್ಪಂದದಂತೆ ಆ ಸಂಸ್ಥಾನ ನಿಜಾಮನಿಗೆ ಸೇರಿತು. 1948ರವರೆಗೂ ಅವನ ವಶದಲ್ಲಿತ್ತು. ಉರ್ದು ಆಡಳಿತಭಾಷೆಯಾಗಿದ್ದ ಆ ದಶಕಗಳಲ್ಲಿ, ಶಾಲೆಯ ಮೆಟ್ಟಿಲು ಹತ್ತದವರಿಗೆ ಪ್ರೌಢ ಕನ್ನಡವು ನಾಲಗೆಗೆ ಒಗ್ಗಿದ ಎಡೆಗಳಲ್ಲಿ ಈ ತಾಲೀಮೂ ಒಂದು ಎನ್ನಬೇಕು. ಹಸ್ತಪ್ರತಿಯಲ್ಲಿ ಕವಿಯ ಅಂಕಿತ ಉಳಿದಿರಬಹುದು. ಅದನ್ನು ಕಲಿಸಿದ ಮಾಸ್ತರನ ಹೆಸರನ್ನು ಬಹುಮಟ್ಟಿಗೆ ಊರಿನ ಹಿರಿಯರನ್ನೇ ಕೇಳಿ ತಿಳಿಯಬೇಕಾಗುತ್ತದೆ.