‘ನೈಸ್’ ಎಂಬ ಶಬ್ದದ ಅರ್ಥಾಂತರಗಳು

ಇಂಗ್ಲಿಷಿನಲ್ಲಿ ಇಂದು ಊಟ, ಹವೆ, ನಡತೆ ಎಲ್ಲಕ್ಕೂ ಸಲ್ಲುವ ‘ನೈಸ್’ ಎಂಬ ಶಬ್ದದ ಮೂಲವು ಲ್ಯಾಟಿನ್ನಿನ ‘ನೆಸ್ಕಿಯಸ್’, ಎಂದರೆ ಅಜ್ಞ. ಫ್ರೆಂಚಿನ ಮುಖಾಂತರ ಸುಮಾರು 1300ರಲ್ಲಿ ಅದು ಇಂಗ್ಲಿಷನ್ನು ಹೊಕ್ಕಾಗ ಮೂಢನೆಂದೇ ಅರ್ಥವಿದ್ದಿತು. 16ನೆಯ ಶತಮಾನದ ವೇಳೆಗೆ ಅತಿನಾಜೂಕು, ಸೂಕ್ಷ್ಮವಿವೇಚನೆ ಎಂಬರ್ಥಗಳು ಸೇರಿದುವು. 18ನೆಯ ಶತಮಾನದಲ್ಲಿ ‘ಸೊಗಸಾದ’ ಎಂಬರ್ಥವು ರೂಢಿಗೆ ಬಂದಿತು. ಅದರ ಅತಿಬಳಕೆಯನ್ನು ಜೇನ್ ಆಸ್ಟಿನಳು 1817ರಲ್ಲಿ ಪ್ರಕಟವಾದ ‘ನಾರ್ಥ್ಯಾಂಗರ್ ಅಬಿ’ಯಲ್ಲಿ ಪರಿಹಾಸ್ಯಮಾಡಿರುವಳು.

ನಮ್ಮ ‘ದೇವಾನಾಂಪ್ರಿಯ’ ಶಬ್ದವು ಇದಕ್ಕೆ ವಿಲೋಮವಾಗಿ ನಡೆಯಿತು. 1915ರಲ್ಲಿ ದೊರೆತ ಮಸ್ಕಿಯ ಶಾಸನದಲ್ಲಿ, ಪ್ರಾಕೃತರೂಪದಲ್ಲಿ, ಅದು ಅಶೋಕನ ಬಿರುದು. ಭಟ್ಟೋಜಿದೀಕ್ಷಿತನ ಕೌಮುದಿಯಲ್ಲಿ ಮೂರ್ಖನ ಹೆಸರು.

ಆದುದರಿಂದ ಹಳೆಯ ಗ್ರಂಥಗಳನ್ನೋದುವವರು ಶಬ್ದದ ಕಾಲವನ್ನು ಮೊದಲು ವಿಚಾರಿಸತಕ್ಕದ್ದು. ಇಲ್ಲವಾದರೆ ಚಕ್ರವರ್ತಿಯನ್ನು ಮೂರ್ಖನೆಂದೂ ಮೂರ್ಖನನ್ನು ಸಜ್ಜನನೆಂದೂ ತಿಳಿದೇವು.